ಕೊನೆಯ ಕ್ರಾಸಿನ ಸಂದಿ

ಜಾಹೀರಾತಿನ ನಕ್ಷೆಯನ್ನು ನಂಬಬಾರದು ಎಂಬುದು ನಮ್ಮ ಕೆಲಸದಲ್ಲಿ ಎಲ್ಲರೂ ಮೊದಲು ಕಲಿಯುವ ಪಾಠ. ಸೈಟು ಮಾರುವವನ ನಕ್ಷೆಯಲ್ಲಿ ಮೆಜೆಸ್ಟಿಕ್ ಪಕ್ಕದ ಬೀದಿಯಲ್ಲಿರುತ್ತದೆ, ಕೆರೆಯಲ್ಲಿ ಸದಾ ನೀರಿರುತ್ತದೆ, ಯಾರೂ ಇನ್ನೂ ಕನಸಿನಲ್ಲಿಯೂ ಕಾಣದ ಆಸ್ಪತ್ರೆಗೆ ಆಗಲೇ ಕೆಂಪು ಗುರುತು ಬಿದ್ದಿರುತ್ತದೆ. ಅಂಥ ನಕ್ಷೆಗಳನ್ನೇ ಗುಡ್ಡೆ ಹಾಕಿಕೊಂಡು ಒಂದು ಬಡಾವಣೆಯ ಚರಿತ್ರೆ ಹೇಳುವ ಕೆಲಸ ನನ್ನ ಪಾಲಿಗೆ ಬಂದದ್ದು ಪೀಣ್ಯದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲದಲ್ಲಿ.

ನಾನು ಆಗ ಅಲ್ಲಿಯ ಒಂದು ಸಣ್ಣ ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದೆ. ಕೆಳಗೆ ಲೇತ್ ಶಾಪು, ಮೇಲೆ ನಾವು. ಒಂದು ಬೆಳಿಗ್ಗೆ ನಮ್ಮ ಬಾಸ್ ಕರೆದು, ಪರಿಚಯದ ಬಡಾವಣೆಯೊಂದರ ನಿವಾಸಿಗಳ ಸಂಘದವರು ರಾಜ್ಯೋತ್ಸವಕ್ಕೆ ‘ನಮ್ಮ ಬಡಾವಣೆ ಅಂದು, ಇಂದು’ ಎಂದು ಒಂದು ಪ್ರದರ್ಶನ ಇಡುತ್ತಾರೆ, ಹಳೆಯ ನಕ್ಷೆ, ಹಳೆಯ ಜಾಹೀರಾತು ಎಲ್ಲ ಹುಡುಕಿ ಫಲಕ ಮಾಡಿಕೊಡಬೇಕು ಎಂದರು. ಕೊನೆಯ ಫಲಕ ಇವತ್ತಿನ ನಕ್ಷೆ. ಅದನ್ನು ನಾವೇ ಅಳೆದು ಬರೆಯಬೇಕು. ಸಂಘದ ಅಧ್ಯಕ್ಷರು ಸಹಿ ಮಾಡಿದ ಒಂದು ಪ್ರತಿ ವಾರ್ಡ್ ಆಫೀಸಿಗೂ ಹೋಗುತ್ತದೆ. ಅದನ್ನು ನೋಡಿಕೊಂಡು ಅಲ್ಲಿಯ ಎಂಜಿನಿಯರ್ ರಸ್ತೆ ರಸ್ತೆಗೂ ಹೆಸರಿನ ಬೋರ್ಡು ಹಾಕಿಸುತ್ತಾರೆ.

“ನಿಮ್ಮ ಏರಿಯಾನೇ ಅಲ್ವೇನಮ್ಮಾ? ನಿಂಗೆ ಈಜಿ,” ಎಂದರು.

ಹೌದು, ನಾನೂ ನನ್ನ ಅಕ್ಕನೂ ಬಾಡಿಗೆಗಿದ್ದದ್ದು ಅದೇ ಬಡಾವಣೆಯಲ್ಲಿ. ಆದರೆ ಈಜಿ ಎಂಬ ಮಾತನ್ನು ನಾನು ನಂಬುವುದಿಲ್ಲ. ಬೀಗ ಹಾಕಿ ಅರ್ಧ ದಾರಿ ಬಂದ ಮೇಲೆ ವಾಪಸು ಹೋಗಿ ಜಗ್ಗಿ ನೋಡುವ ಜಾತಿ ನನ್ನದು. ಅಕ್ಕ ಇದಕ್ಕೆ ನಗುತ್ತಾಳೆ. “ಕಳ್ಳ ಬಂದ್ರ ಅವಗ ಚಾ ಮಾಡಾಕ ಸಕ್ರಿನೂ ಇಲ್ಲ ನಮ್ಮನ್ಯಾಗ. ಏನ್ ಒಯ್ತಾನ ಅಂತ ಅಂಜತಿ?” ಎನ್ನುತ್ತಾಳೆ. ಹಾವೇರಿ ಬಿಟ್ಟು ಇಷ್ಟು ವರ್ಷವಾದರೂ ಅವಳ ಮಾತು ಊರು ಬಿಟ್ಟಿಲ್ಲ.

ಕೆಲಸ ಶುರುವಾದದ್ದು ಹಳೆಯ ಗ್ರಾಮ ನಕಾಶೆಯಿಂದ. ಹಳೆಯ ನಕ್ಷೆಯನ್ನು ಇವತ್ತಿನ ನೆಲದ ಮೇಲೆ ಕೂರಿಸಬೇಕಾದರೆ ಜಾಗ ಬದಲಿಸದ ಗುರುತುಗಳು ಕನಿಷ್ಠ ಮೂರಾದರೂ ಬೇಕು. ಎರಡಿದ್ದರೆ ಕಾಗದ ಸರಿಯಾಗಿ ಕೂತಂತೆ ಕಾಣುತ್ತದೆ, ಮೂರನೆಯದು ಬಂದಾಗ ಬಣ್ಣ ಬಯಲಾಗುತ್ತದೆ. ಊರ ಮಾರಮ್ಮನ ಗುಡಿ ಇದ್ದಲ್ಲೇ ಇತ್ತು. ಮೂರು ಊರುಗಳ ಗಡಿ ಕೂಡುವ ಕಲ್ಲು ಒಂದು ಪಂಕ್ಚರ್ ಅಂಗಡಿಯ ಮುಂದೆ, ಟಯರುಗಳ ನಡುವೆ ಸಿಕ್ಕಿತು. ಮೂರನೆಯದು ಒಂದು ಬಾವಿ. ಅದು ಎಲ್ಲೂ ಕಾಣಲಿಲ್ಲ. ಕೊನೆಗೆ ಮೂಲ ಊರಿನ ಒಬ್ಬ ಯಜಮಾನರನ್ನು ಕೇಳಿದೆ. ಅವರ ರಾಗಿ ಹೊಲವೇ ಈಗ ನಮ್ಮ ಬಡಾವಣೆಯ ಅರ್ಧ ಭಾಗ.

“ಬಾವೀನಾ? ಅಲ್ಲೇ ಐತಲ್ಲವ್ವಾ, ಎಲ್ಲಿಗೋಗ್ತದೆ? ಆ ಚೌಟ್ರಿ ಊಟದ ಆಲ್ ಐತೆ ನೋಡು, ಮೂರನೇ ಸಾಲು ಎಲೆ ಆಕ್ತಾರಲ್ಲ, ಅದರ ಕೆಳಗೆ.”

ಅವರು ಹೇಳಿದ ಜಾಗವನ್ನು ಗುರುತಿಸಿದಾಗ ನಕಾಶೆ ಕೊಸರಾಡದೆ ಕೂತಿತು. ಊರಿನ ಬಂಡಿದಾರಿಗಳು, ಕಾಲುದಾರಿಗಳು ಚುಕ್ಕೆ ಗೆರೆಗಳಾಗಿ ಇವತ್ತಿನ ಮನೆಗಳ ಮೇಲೆ ಹಾದು ಹೋದವು. ಆ ಸಂಜೆ ಮೊದಲ ಸಲ ಈ ಕೆಲಸ ನನಗೆ ಖುಷಿ ಕೊಟ್ಟಿತು.

ಜಾಹೀರಾತುಗಳಿಗಾಗಿ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ದಪ್ಪ ಕಟ್ಟುಗಳನ್ನು ತಿರುವಿದೆ. ಅಧ್ಯಕ್ಷರು ತಮ್ಮ ಮನೆಯಲ್ಲಿ ಜೋಪಾನ ಮಾಡಿದ್ದ ಒಂದು ಕಟ್ಟನ್ನೂ ಕೊಟ್ಟಿದ್ದರು. ಅವರು ಒಂದು ದೊಡ್ಡ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು, ಬಡಾವಣೆಯಲ್ಲಿ ಮೊದಲು ಮನೆ ಕಟ್ಟಿದವರಲ್ಲಿ ಒಬ್ಬರು, ಏನನ್ನೂ ಬಿಸಾಡದವರು. ಮೊದಲಿನ ಜಾಹೀರಾತುಗಳು ತೆಂಗಿನಮರ, ಸಿಹಿನೀರು, ಶುದ್ಧ ಗಾಳಿ ಮಾರುತ್ತಿದ್ದವು. ಆಮೇಲಿನವು ಫ್ಯಾಕ್ಟರಿಯ ಸೈರನ್ ಕೇಳುವಷ್ಟು ಹತ್ತಿರ ಎಂದು ಕೊಚ್ಚಿಕೊಂಡವು. ಆಮೇಲೆ ಮೇಲ್ಮಹಡಿಯ ಬಾಡಿಗೆ ಆದಾಯ, ಕಡೆಗೆ ಮೆಟ್ರೋ. ಗುರುತಿನ ಜಾಗವೂ ಬದಲಾಗುತ್ತಾ ಬಂದಿತ್ತು: ಆಲದಮರದ ಎದುರು ಇದ್ದದ್ದು ರೈಸ್ ಮಿಲ್ಲಿನ ಎದುರಾಗಿ, ಟೆಂಟ್ ಟಾಕೀಸಿನ ಹಿಂದಾಗಿ, ಬಾರಿನ ಪಕ್ಕವಾಗಿ ನಿಂತಿತ್ತು. ಮರ ಇದ್ದ ಜಾಗ ಮಾತ್ರ ಅದೇ.

ಓದುತ್ತಾ ಓದುತ್ತಾ ನನಗೊಂದು ವಿಷಯ ಹೊಳೆಯಿತು. ಸೈಟು ಮಾರುವವನು ಮುಂದೆ ಏನೇನು ಬರುತ್ತದೆ ಎನ್ನುವುದರಲ್ಲಿ ಸುಳ್ಳು ಹೇಳುತ್ತಾನೆ. ಅಲ್ಲಿಗೆ ಹೇಗೆ ಬರಬೇಕು ಎನ್ನುವುದರಲ್ಲಿ ಹೇಳುವುದಿಲ್ಲ. ಹೇಳಿದರೆ ಭಾನುವಾರ ಸೈಟು ನೋಡಲು ಹೊರಟವನು ದಾರಿ ತಪ್ಪಿ ಬೇರೆಯವನ ಸೈಟಿಗೆ ಅಡ್ವಾನ್ಸ್ ಕೊಟ್ಟುಬಿಡುತ್ತಾನೆ. ಆದ್ದರಿಂದ ಜಾಹೀರಾತಿನಲ್ಲಿ ಪಾರ್ಕು, ಕೊಳ, ಆಸ್ಪತ್ರೆ ಬಿಟ್ಟು ದಾರಿಗಳನ್ನಷ್ಟೇ ಓದಿದರೆ ಊರಿನ ನಿಜವಾದ ಚರಿತ್ರೆ ಸಿಗುತ್ತದೆ. ಬಾಸ್‌ಗೆ ಹೇಳಿದೆ. ಅವರು “ಸಕ್ಕತ್ತಾಗಿದೆ, ಒಂದು ಫಲಕದ ಮೇಲೆ ಬರೆದುಬಿಡು,” ಎಂದರು. ನನಗೆ ಒಂದಿಷ್ಟು ಹೆಮ್ಮೆಯಾಯಿತು. ಹೆಮ್ಮೆ ಪಟ್ಟಾಗಲೆಲ್ಲ ನನಗೆ ಏನಾದರೊಂದು ವಕ್ಕರಿಸುತ್ತದೆ.

ಆಯುಧಪೂಜೆಯ ರಜೆ ಮುಗಿಸಿ ಫ್ಯಾಕ್ಟರಿಗಳು ಬಾಗಿಲು ತೆಗೆದ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಟ ಅಕ್ಕ ಸ್ವಲ್ಪ ಹೊತ್ತಿನಲ್ಲೇ ವಾಪಸು ಬಂದಳು.

“ಸಂದಿ ಮುಚ್ಯಾರ. ಗ್ವಾಡಿ ಎಬ್ಬಿಸ್ಯಾರ,” ಎಂದಳು.

ಸಂದಿ ಎಂದರೆ ಬಡಾವಣೆಯ ಕೊನೆಯ ಕ್ರಾಸಿನಿಂದ ಹಿಂದಿನ ಫ್ಯಾಕ್ಟರಿ ರಸ್ತೆಗೆ ದಾಟುವ ಕಿರಿದಾದ ದಾರಿ. ಎರಡು ಕಾಂಪೌಂಡುಗಳ ನಡುವೆ, ಒಬ್ಬರು ಸೈಕಲ್ ತಳ್ಳಿಕೊಂಡು ಬಂದರೆ ಎದುರಿನವರು ಗೋಡೆಗೆ ಆತು ನಿಲ್ಲಬೇಕಾದಷ್ಟು ಅಗಲ. ಆಚೆ ತುದಿಯಲ್ಲೇ ಅಕ್ಕ ಹೊಲಿಗೆ ಕೆಲಸ ಮಾಡುವ ಗಾರ್ಮೆಂಟ್ಸ್. ಬೆಳಿಗ್ಗೆ ಸಂಜೆ ಹೆಣ್ಣುಮಕ್ಕಳ ಸಾಲೇ ಅದರಲ್ಲಿ ಹೋಗಿ ಬರುತ್ತಿತ್ತು. ಸಂದಿಯ ಪಕ್ಕದ ಹಳೆಯ ಶೆಡ್ಡನ್ನು ಯಾರೋ ಹೊಸಬರು ಕೊಂಡಿದ್ದರು. ರಜೆಯಲ್ಲಿ ಎರಡೂ ತುದಿಗೆ ಸಿಮೆಂಟ್ ಇಟ್ಟಿಗೆಯ ಗೋಡೆ ಎಬ್ಬಿಸಿ, ಇದು ನಮ್ಮ ಜಾಗ, ಹಿಂದಿನ ಮಾಲೀಕರು ಪಾಪ ಅಂತ ಬಿಟ್ಟಿದ್ದರು ಎಂದರಂತೆ.

ಸಂದಿ ಇಲ್ಲದಿದ್ದರೆ ತುಮಕೂರು ರಸ್ತೆಗೆ ಹೋಗಿ ಸುತ್ತಬೇಕು. ಬೇರೆಯವರಿಗೆ ಅದು ಬರೀ ಸುತ್ತು. ಅಕ್ಕನಿಗೆ ಹಾಗಲ್ಲ. ಗಾರ್ಮೆಂಟ್ಸಿಗೆ ಸೇರುವ ಮೊದಲು ಅವಳು ಕೆಲವು ವರ್ಷ ಒಂದು ಪ್ರೆಸ್ ಶಾಪಿನಲ್ಲಿದ್ದಳು. ತಗಡು ಕತ್ತರಿಸುವ ಯಂತ್ರ ದಿನವಿಡೀ ಅವಳ ಎಡಗಡೆ ಬಡಿಯುತ್ತಿತ್ತು. ಆ ಕಿವಿ ಪೂರ್ತಿ ಹೋಗಿದೆ. ಎಡದಿಂದ ಆಡಿದ ಮೆಲುಮಾತು ಅವಳಿಗೆ ಕೇಳುವುದಿಲ್ಲ, ಜೋರಾದ ಶಬ್ದವಾದರೂ ಯಾವ ಕಡೆಯದು ಎಂದು ತಿಳಿಯುವುದಿಲ್ಲ. ಹಾರ್ನ್ ಬಲಗಿವಿಗೆ ಬಿದ್ದರೆ ಬಲಕ್ಕೇ ತಿರುಗುತ್ತಾಳೆ, ಗಾಡಿ ಎಡಗಡೆಯಿಂದ ಬರುತ್ತಿದ್ದರೂ. ಆಗ ಅಲ್ಲಿ ಮೆಟ್ರೋಗೆ ಅಗೆದಿದ್ದರು. ಫುಟ್‌ಪಾತ್ ಇರಲಿಲ್ಲ, ತಗಡಿನ ಬೇಲಿಗೂ ಲಾರಿಗೂ ನಡುವೆ ಉಳಿದದ್ದೇ ದಾರಿ, ಅದರಲ್ಲಿ ಬೈಕುಗಳು ರಾಂಗ್ ಸೈಡಿನಲ್ಲಿ ನುಗ್ಗುತ್ತಿದ್ದವು.

ಮರುದಿನದಿಂದ ಬೆಳಿಗ್ಗೆ ನಾನು ಅವಳ ಎಡಗಡೆ ನಡೆಯತೊಡಗಿದೆ.

“ನೀ ಯಾಕ ಬರ್ತಿ? ನಿನ್ನ ಆಫೀಸು ಆ ಕಡಿಗೈತಿ.”

“ಅಲ್ಲೊಂದು ಅಳತೆ ಇದೆ,” ಎಂದೆ, ಬಲಗಿವಿಗೆ ಕೇಳುವಷ್ಟು ಜೋರಾಗಿ.

“ದಿನಾ ಅಳತಿ?” ಎಂದು ನಕ್ಕಳು. ಓವರ್‌ಟೈಮಿನಿಂದಾಗಿ ಬಿಡುವ ಹೊತ್ತಿಗೆ ಲೆಕ್ಕವಿರಲಿಲ್ಲ, ಹೀಗಾಗಿ ಸಂಜೆ ಮಾತ್ರ ಅವಳು ಒಬ್ಬಳೇ ಬರಬೇಕಿತ್ತು. ನಾನು ಮನೆಗೆ ಬಂದು ಸಾರಿಗೆ ಇಟ್ಟು ಗೇಟಿನ ಚಿಲಕದ ಸದ್ದಿಗೆ ಕಾಯುತ್ತಿದ್ದೆ. ಬೇಳೆ ಹೊತ್ತಿದ ದಿನಗಳಿವೆ.

ಅಧ್ಯಕ್ಷರನ್ನು ಕೇಳಿದೆ. ಅವರು ಎಂದಿನಂತೆ ಸೌಮ್ಯವಾಗಿಯೇ ಮಾತಾಡಿದರು. “ನೋಡಮ್ಮ, ಅದು ಅವರ ಪ್ರಾಪರ್ಟಿ ಅಂತಾರೆ. ಸಂಘಕ್ಕೆ ಯಾಕೆ ಬೇಕು ಆ ಜಗಳ? ನೀನು ಹೊಸ ನಕ್ಷೇಲಿ ಅದನ್ನ ತೋರಿಸೋಕೆ ಹೋಗ್ಬೇಡ. ಗೋಡೆ ಇದೆ, ಗೋಡೆ ಬರಿ.” ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ವಾರ್ಡ್ ಆಫೀಸಿನ ಎಂಜಿನಿಯರ್ ಬಳಿಗೂ ಹೋದೆ. ಅವರು ಒಳ್ಳೆಯವರೇ. “ಮೇಡಂ, ಅದು ಸಾರ್ವಜನಿಕ ದಾರಿ ಅಂತ ಏನಾದ್ರೂ ಪೇಪರ್ ಇದ್ರೆ ಕೊಡಿ, ಮಾತಾಡ್ತೀನಿ. ಇಲ್ಲಾಂದ್ರೆ ನಿಮ್ಮ ಸಂಘ ಕೊಡೋ ನಕ್ಷೇನೇ ನಮಗೆ ರೆಕಾರ್ಡು. ಅದರಲ್ಲಿ ಇದ್ರೆ ಇದೆ, ಇಲ್ದಿದ್ರೆ ಇಲ್ಲ,” ಎಂದರು.

ಅಂದರೆ ಗೋಡೆಯ ಕೊನೆಯ ಇಟ್ಟಿಗೆ ಇಡಬೇಕಾದವಳು ನಾನೇ.

ಗ್ರಾಮ ನಕಾಶೆ ತೆಗೆದು ನೋಡಿದೆ. ಅದರಲ್ಲಿ ಆ ಜಾಗದಲ್ಲಿ ಬರೀ ಹೊಲ. ಯಜಮಾನರನ್ನು ಕೇಳಿದರೆ, “ಒಲದಾಗೆ ದಾರಿ ಅಂತ ಬೇರೆ ಇರ್ತದಾ? ನಡೆದಿದ್ದೇ ದಾರಿ,” ಎಂದರು. ಆಗ ಅಧ್ಯಕ್ಷರ ಕಟ್ಟಿನಲ್ಲಿದ್ದ ಒಂದು ಕರಪತ್ರ ನೆನಪಾಯಿತು: ನಮ್ಮ ಬಡಾವಣೆ ಮಾಡಿದವನದೇ ಜಾಹೀರಾತು. ಹುಡುಕಿ ಹೊರತೆಗೆದೆ. ಕೊನೆಯ ಕ್ರಾಸಿನಿಂದ ಹಿಂದಕ್ಕೆ ಒಂದು ದಾರಿ ಹೊರಟಿತ್ತು, ಪಕ್ಕದಲ್ಲಿ ‘ಕೈಗಾರಿಕಾ ಪ್ರದೇಶಕ್ಕೆ ನೇರ ಕಾಲುದಾರಿ’ ಎಂದು ಬರೆದಿತ್ತು. ಬರುವ ದಾರಿಯಲ್ಲಿ ಜಾಹೀರಾತು ಸುಳ್ಳು ಹೇಳುವುದಿಲ್ಲ ಎಂದು ನಾನೇ ತಾನೇ ಕಂಡುಹಿಡಿದದ್ದು?

ಕರಪತ್ರವನ್ನು ಸ್ಕ್ಯಾನ್ ಮಾಡಿ ಇವತ್ತಿನ ಅಳತೆಯ ಮೇಲೆ ಇಟ್ಟೆ. ಮೂಲೆ ಸೈಟುಗಳು ಕೂತವು, ನೀರಿನ ಟ್ಯಾಂಕು ಕೂತಿತು. ದಾರಿ ಕೂರಲಿಲ್ಲ. ಸಂದಿ ಇರುವುದು ಕೊನೆಯ ಕ್ರಾಸಿನ ನಡುಮಧ್ಯದಲ್ಲಿ. ಕರಪತ್ರದ ದಾರಿ ಕ್ರಾಸಿನ ಪೂರ್ವದ ತುದಿಯಲ್ಲಿ, ಈಗ ದೊಡ್ಡ ಮೋರಿ ಹರಿಯುವಲ್ಲಿತ್ತು. ಬೇರೆ ಗುರುತು ಹಿಡಿದು ಮತ್ತೆ ಕೂರಿಸಿದೆ. ಕಾಗದ ಸುಕ್ಕಾಗಿರಬಹುದು ಎಂದು ಎಳೆದು ನೋಡಿದೆ. ಎಳೆದಷ್ಟೂ ಉಳಿದ ಸೈಟುಗಳು ಸೊಟ್ಟಗಾದವು, ದಾರಿ ಅಲ್ಲೇ ಉಳಿಯಿತು. ಒಂದು ಹಂತದಲ್ಲಿ ಆ ಗೆರೆಯೊಂದನ್ನೇ ಮೌಸಿನಲ್ಲಿ ಹಿಡಿದು ಸಂದಿಯ ಕಡೆಗೆ ಸರಿಸುತ್ತಿದ್ದೇನೆ ಎಂದು ಅರಿವಾಗಿ ಕೈ ತೆಗೆದೆ. ನೆಲದ ಮೇಲೆ ಇರುವುದನ್ನು ಹುಡುಕುತ್ತಿರಲಿಲ್ಲ ನಾನು, ನನಗೆ ಬೇಕಾದದ್ದನ್ನು ಹುಡುಕುತ್ತಿದ್ದೆ. ನನಗೆ ಭಯವಾಯಿತು, ಅಕ್ಕನ ಬಗ್ಗೆ ಅಲ್ಲ, ನನ್ನ ಬಗ್ಗೆ.

ಅದೇ ಹೊತ್ತಿಗೆ ಫಲಕಗಳ ಮಾದರಿ ನೋಡಲು ಅಧ್ಯಕ್ಷರು ಆಫೀಸಿಗೆ ಬಂದರು. ಬಾಸ್ ನನ್ನ ಪರದೆಯನ್ನು ಅವರ ಕಡೆ ತಿರುಗಿಸಿದರು. ಅಧ್ಯಕ್ಷರು ಬಗ್ಗಿ ನೋಡಿ, ಉಸಿರು ಬಿಟ್ಟರು. “ದಾರಿ ಇದ್ದದ್ದು ಮೋರಿ ಹತ್ರ. ನೋಡಿ, ಜಾಹೀರಾತೇ ಹೇಳುತ್ತೆ. ಮೋರಿ ಮಾಡಿದಾಗ ಹೋಗಿದೆ. ಈ ಸಂದಿ ಬೇರೆ.” ಎರಡೇ ದಿನದಲ್ಲಿ ಶೆಡ್ಡಿನ ಮಾಲೀಕರೂ ಅದನ್ನೇ ಹೇಳಿಕೊಂಡು ಓಡಾಡಿದರು. ನಾನು ಹುಡುಕಿದ ಕಾಗದ ಎದುರು ಪಾಳಯದ ಸಾಕ್ಷಿಯಾಯಿತು.

“ಬಿಡಮ್ಮಾ,” ಎಂದರು ಬಾಸ್. “ನಾವು ನಕ್ಷೆ ಬರೆಯೋರು. ನ್ಯಾಯ ಹೇಳೋರಲ್ಲ.” ರಾಜ್ಯೋತ್ಸವ ಹತ್ತಿರ ಬಂದಿತ್ತು, ಫ್ಲೆಕ್ಸ್ ಪ್ರಿಂಟಿಗೆ ಕೊಡಬೇಕಿತ್ತು. ನಾನು ಕೊನೆಯ ಕ್ರಾಸಿನ ಜಾಗವನ್ನು ಖಾಲಿ ಬಿಟ್ಟು ಉಳಿದದ್ದನ್ನೆಲ್ಲ ಮುಗಿಸಿದೆ.

ಆ ಸಂಜೆ ಅಕ್ಕ ಬಂದಾಗ ಅವಳ ಬ್ಯಾಗಿನ ಪಟ್ಟಿ ಕಿತ್ತಿತ್ತು. ಎಡಗಡೆಯದು.

“ಏನಾಯ್ತು?”

“ಹಳೇ ಬ್ಯಾಗ್ ಅಲ್ಲೇನ. ಕಿತ್ತತು.”

ಊಟದ ಡಬ್ಬಿ ತೆಗೆದು ತೊಳೆಯಲು ಹಾಕುವಾಗ ನೋಡಿದೆ. ಒಂದು ಬದಿ ಒಳಕ್ಕೆ ಚಪ್ಪಟೆಯಾಗಿತ್ತು. ಕೇಳಿದ್ದಕ್ಕೆ ಅವಳು ಸಿಟ್ಟಾದಳು. “ಟೆಂಪೋದ ಕನ್ನಡಿ ತಾಗಿತು. ಬ್ಯಾಗಿಗೆ ತಾಗಿತು, ನನಗ ತಾಗಿಲ್ಲ. ಸುಮ್ಕ ಉಣ್ಣು.” ಉಣ್ಣಲಾಗಲಿಲ್ಲ. ಕೆಲಸ ಬಿಡು ಎಂದು ಹೇಳಬೇಕೆನಿಸಿತು. ಹೇಳಿದರೆ ಅವಳು ನೀನೂ ಬಿಡು ಎನ್ನುತ್ತಿದ್ದಳು, ಮತ್ತು ಅದು ಸರಿಯೇ ಇರುತ್ತಿತ್ತು. ಮೊಂಡುತನದಲ್ಲಿ ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

ಇನ್ನೊಂದು ಫಲಕಕ್ಕೆ ಹಳೆಯ ಮನೆಗಳ ಫೋಟೋ ಬೇಕಿತ್ತು. ಮರುದಿನ ಕ್ಯಾಮೆರಾ ಹಿಡಿದು ಕೊನೆಯ ಕ್ರಾಸಿಗೆ ಹೋದೆ. ಸಂದಿಯ ಬಾಯಿಗೆ ಎಬ್ಬಿಸಿದ ಗೋಡೆಗೆ ಬೆನ್ನು ಮಾಡಿ ನಿಂತರೆ ರಸ್ತೆಯ ಆಚೆ ಸರಿಯಾಗಿ ಎದುರಿಗೆ ಅಧ್ಯಕ್ಷರ ಮನೆ. ಕ್ಯಾಮೆರಾ ಕಣ್ಣಿಗಿಟ್ಟೆ. ಕಾಂಪೌಂಡ್ ಗೋಡೆಯ ನಡುವೆ ಒಂದು ಪುಟ್ಟ ಗೂಡು, ಅದರಲ್ಲಿ ಕಲ್ಲಿನ ಗಣೇಶ. ನೂರು ಸಲ ನೋಡಿದ್ದ ಗಣೇಶ. ಅಕ್ಕ ದಿನಾ ಚಪ್ಪಲಿ ಬಿಟ್ಟು ಕೈಮುಗಿದು ಸಂದಿಗೆ ಇಳಿಯುತ್ತಿದ್ದದ್ದು ಇವನಿಗೇ. ಆ ದಿನ ಅವನು ನೇರವಾಗಿ ನನ್ನ ಬೆನ್ನ ಹಿಂದಿನ ಬೋಳು ಗೋಡೆಯನ್ನೇ ನೋಡುತ್ತಾ ಕೂತಿದ್ದ.

ಕಾಂಪೌಂಡಿನಲ್ಲಿ ಗಣೇಶನನ್ನು ಸುಮ್ಮನೆ ಯಾರೂ ಕೂರಿಸುವುದಿಲ್ಲ. ಎದುರಿನ ರಸ್ತೆ ನೆಟ್ಟಗೆ ಬಂದು ಮನೆಗೆ ಬಡಿಯುವಂತಿದ್ದರೆ ಅದನ್ನು ಬೀದಿ ಕುತ್ತು ಎನ್ನುತ್ತಾರೆ. ಆ ಮನೆಗೆ ಒಳ್ಳೆಯದಾಗುವುದಿಲ್ಲ ಎಂದು ನಂಬಿಕೆ. ಬರುವ ಕುತ್ತನ್ನು ತಡೆಯಲಿ ಎಂದು ದಾರಿಗೆ ಎದುರಾಗಿ ಗಣೇಶನನ್ನು ಇಡುತ್ತಾರೆ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ರಸ್ತೆ ಕೊನೆಯಾಗುವಲ್ಲಿ ಅವನಿರುತ್ತಾನೆ. ದಾರಿಯೇ ಇಲ್ಲದಿದ್ದರೆ ಇವನನ್ನು ಇಲ್ಲಿ ಕೂರಿಸಿದ್ದು ಯಾಕೆ?

ಆಗ ಕರಪತ್ರದ ಮರ್ಮವೂ ತಿಳಿಯಿತು. ದಾರಿಯನ್ನು ಇದ್ದ ಹಾಗೆ ನಡುವೆ ಬರೆದಿದ್ದರೆ ಅದು ಒಂದು ಸೈಟಿಗೆ ನೆಟ್ಟಗೆ ಬಡಿಯುತ್ತಿತ್ತು. ಕುತ್ತು ಬಿದ್ದ ಸೈಟನ್ನು ನಕ್ಷೆಯಲ್ಲಿ ನೋಡಿದ ಮೇಲೆ ಯಾರೂ ಕೊಳ್ಳುವುದಿಲ್ಲ. ಅದಕ್ಕೇ ದಾರಿಯನ್ನು ಯಾವ ಸೈಟೂ ಎದುರಾಗದ ತುದಿಗೆ ಸರಿಸಿ ಬರೆಸಿದ್ದರು. ದಾರಿ ಇದ್ದದ್ದು ನಿಜ, ಜಾಗ ಮಾತ್ರ ಸುಳ್ಳು. ಆಸೆ ಹುಟ್ಟಿಸಲು ಹೇಳುವ ಸುಳ್ಳುಗಳ ಲೆಕ್ಕ ಹಾಕಿದ್ದೆ, ಹೆದರಿಕೆ ಮುಚ್ಚಲು ಹೇಳುವ ಸುಳ್ಳು ನನ್ನ ಲೆಕ್ಕದಲ್ಲಿರಲಿಲ್ಲ.

ಇಷ್ಟಾದರೂ ಗಣೇಶ ಪೇಪರ್ ಅಲ್ಲ. ಎಂಜಿನಿಯರ್ ಟೇಬಲಿನ ಮೇಲೆ ಅವನನ್ನು ಇಡಲಾಗುವುದಿಲ್ಲ. ಹಾಗೇ ನಿಂತಿದ್ದಾಗ ಅಧ್ಯಕ್ಷರ ಹೆಂಡತಿ ಗೇಟಿನ ಬಳಿ ಬಂದರು. ಹಿಂದಿನ ವರ್ಷ ಅವರಿಗೆ ಲಕ್ವ ಹೊಡೆದಿತ್ತು. ಈಗ ಕೋಲು ಹಿಡಿದು ನಿಧಾನಕ್ಕೆ ಓಡಾಡುತ್ತಿದ್ದರು. ಒಂದು ಕೈ ಇನ್ನೂ ಮೇಲೇಳುತ್ತಿರಲಿಲ್ಲ, ಕೋಲು ಹಿಡಿದ ಕೈಯಲ್ಲೇ ಎರಡು ದಾಸವಾಳ ಇದ್ದವು.

“ಯಾರು, ಗಾರ್ಮೆಂಟ್ಸ್ ಅಕ್ಕನ ತಂಗಿ ಅಲ್ವಾ?” ಎಂದರು. ಹೂವನ್ನು ಗಣೇಶನ ಮೇಲಿಟ್ಟು, “ಈಗ ಇವನಿಗೆ ನಾನೊಬ್ಬಳೇ ನೋಡು. ಮೊದಲು ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಹೆಣ್ಮಕ್ಕಳು ಮುಡಿಯಿಂದ ಒಂದೊಂದು ಎಸಳು ಹಾಕಿ ಗೂಡೇ ತುಂಬಿರ್ತಿತ್ತು,” ಎಂದರು.

ನಾನು ಒಂದೇ ಕೇಳಿದೆ. “ಅಮ್ಮ, ನಿಮ್ಮ ಗೃಹಪ್ರವೇಶದ ಪತ್ರಿಕೆ ಇದೆಯಾ?”

ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶದ ಪತ್ರಿಕೆಯ ಹಿಂದೆ ಮನೆಗೆ ಬರುವ ದಾರಿಯ ನಕ್ಷೆ ಹಾಕಿಸುವುದು ರೂಢಿ. ಅದರಲ್ಲಿ ಯಾರೂ ಸುಳ್ಳು ಬರೆಸುವುದಿಲ್ಲ. ಬರೆಸಿದರೆ ನೆಂಟರು ಬರುವುದಿಲ್ಲ, ಮಾಡಿದ ಅಡುಗೆ ಉಳಿಯುತ್ತದೆ. ಏನನ್ನೂ ಬಿಸಾಡದ ಮನೆಯಲ್ಲಿ ಅದು ಇದ್ದೇ ಇತ್ತು. ಮೂಲೆಗೆ ಹಚ್ಚಿದ ಅರಿಶಿನ ಕಂದಾಗಿತ್ತು. ಹಿಂದೆ ತಿರುಗಿಸಿದೆ. ಬಸ್ಸಿಳಿದು ಫ್ಯಾಕ್ಟರಿ ರಸ್ತೆಯಲ್ಲಿ ಬಂದು, ಕಾಲುದಾರಿ ಹಿಡಿದರೆ, ಬಾಣದ ಗುರುತಿನ ಮುಂದೆ ‘ನೇರ ಎದುರಿಗೆ ನಮ್ಮ ಮನೆ’. ಸಂದಿ ಕ್ರಾಸಿನ ನಡುಮಧ್ಯದಲ್ಲಿತ್ತು. ಅಮ್ಮ ಅದನ್ನು ನನ್ನ ಕೈಗೇ ಕೊಟ್ಟು, ಕೆಲಸ ಮುಗಿದ ಮೇಲೆ ತಂದುಕೊಡು ಎಂದರು.

ಆಫೀಸಿಗೆ ಹೋಗಿ ಕೂರಿಸಿದೆ. ಈ ಸಲ ಮೂರು ಗುರುತುಗಳನ್ನು ಮೊದಲೇ ಬರೆದಿಟ್ಟುಕೊಂಡೆ, ಆಮೇಲೆ ಬದಲಿಸಬಾರದು ಎಂದು. ಗೆರೆಯನ್ನು ಮುಟ್ಟಲಿಲ್ಲ. ಸಂದಿ ಸಂದಿಯ ಮೇಲೆ ಬಂದು ಕೂತಿತು.

ಬಾಸ್ ನೋಡಿ ತಲೆ ಕೆರೆದುಕೊಂಡರು. “ಸೀದಾ ಎಂಜಿನಿಯರ್‌ಗೆ ಕೊಟ್ಟುಬಿಡೋಣ್ವಾ?”

ಅದು ಸುಲಭವಿತ್ತು. ಆದರೆ ಆ ಪತ್ರಿಕೆ ಕೊಟ್ಟವರಿಗೆ ಅದು ಏನು ಮಾಡುತ್ತದೆ ಎಂದು ಗೊತ್ತಿರಲಿಲ್ಲ. ಗಂಡನ ಕಾಗದವನ್ನು ಗಂಡನ ವಿರುದ್ಧ ಹೆಂಡತಿಯ ಕೈಯಿಂದ ಇಸಿದುಕೊಂಡಂತಾಗುತ್ತದೆ. ನಾನು ಅದನ್ನೂ ಸಂದಿ ತೋರಿಸಿದ ಹೊಸ ನಕ್ಷೆಯನ್ನೂ ತೆಗೆದುಕೊಂಡು ಅಧ್ಯಕ್ಷರ ಮನೆಗೇ ಹೋಗಲು ನಿರ್ಧರಿಸಿದೆ. ಅವರು ಎರಡನ್ನೂ ಒಳಗಿಟ್ಟುಕೊಂಡು ಹೋಗಮ್ಮಾ ಎಂದರೆ ನನ್ನ ಬಳಿ ಉಳಿಯುವುದು ಬರೀ ಒಂದು ಸ್ಕ್ಯಾನ್. ಸಹಿ ಅವರದೇ ಬೇಕು. ಗೇಟು ತೆಗೆಯುವಾಗ ಅಕ್ಕನ ಚಪ್ಪಟೆ ಡಬ್ಬಿ ಕಣ್ಣ ಮುಂದೆ ಬಂದು, ದಡ್ಡ ಕೆಲಸ ಮಾಡುತ್ತಿದ್ದೇನೆ ಎನಿಸಿತು.

ಅಧ್ಯಕ್ಷರು ಪತ್ರಿಕೆಯನ್ನು ತಿರುಗಿಸಿ ಕಣ್ಣು ಕಿರಿದು ಮಾಡಿ ನೋಡಿದರು. ಬಾಣದ ಗುರುತಿನ ಮೇಲೆ ಬೆರಳಾಡಿಸಿದರು.

“ದಾರಿ ಇರಲಿಲ್ಲ ಅಂತ ನಾನು ಹೇಳ್ತಿಲ್ಲಮ್ಮ,” ಎಂದರು ಕೊನೆಗೆ. “ನಾನೇ ಬರೆಸಿದ್ದು ಇದು. ಸೈಟ್ ತಗೊಂಡ ಮೇಲೇ ಗೊತ್ತಾಗಿದ್ದು ಕುತ್ತು ಇದೆ ಅಂತ. ಗಣೇಶನ್ನ ಇಟ್ಟೆ, ಸುಮ್ಮನಾದೆ. ಹೋದ ವರ್ಷ ಇವಳು ಬಿದ್ದಳಲ್ಲ, ಆಗ ವಾಸ್ತು ನೋಡೋರು ಬಂದು ದಾರಿ ಮುಚ್ಚಿಸಿ, ಇಲ್ಲಾಂದ್ರೆ ಇನ್ನೊಂದು ಸಲ ಆಗುತ್ತೆ ಅಂದ್ರು. ನಾನು ಮುಚ್ಚಿಸಲಿಲ್ಲ. ಅವರೇ ಮುಚ್ಚಿದ್ರು. ನಾನು ಸುಮ್ಮನಿದ್ದೆ ಅಷ್ಟೇ.” ಅವರು ಒಳಕೋಣೆಯ ಕಡೆ ನೋಡಿದರು. “ಇನ್ನೊಂದು ಸಲ ಆದ್ರೆ ಇವಳು ಉಳಿಯಲ್ಲಮ್ಮ.”

ಸಂಜೆ ಗೇಟಿನ ಸದ್ದಿಗೆ ಕಾಯುವ ಭಯ ನನ್ನೊಬ್ಬಳದೇ ಎಂದುಕೊಂಡಿದ್ದೆ. ಇವರೂ ಒಳಕೋಣೆಯಲ್ಲಿ ಕೋಲಿನ ಸದ್ದು ಕೇಳಿಸುತ್ತಿದೆಯೇ ಎಂದು ದಿನವಿಡೀ ಕಿವಿಗೊಟ್ಟು ಕೂತಿದ್ದವರೇ. ಅಕ್ಕನ ಕಿವಿಯ ವಿಷಯ ಹೇಳಿದೆ. ಟೆಂಪೋ ವಿಷಯವನ್ನೂ ಹೇಳಿದೆ. ವಾದ ಮಾಡಲು ಹೋಗಲಿಲ್ಲ.

ಒಳಗಿನಿಂದ ಕೋಲಿನ ಸದ್ದು ಬಂತು. ಅಮ್ಮ ಬಾಗಿಲಿಗೆ ಒರಗಿ ನಿಂತರು. ಎಲ್ಲ ಕೇಳಿಸಿಕೊಂಡಿದ್ದರು.

“ಗೋಡೆ ಎದ್ದ ಮೇಲೆ ನನ್ನ ಕೈ ಮೇಲೆ ಎದ್ದಿತೇನ್ರೀ?” ಎಂದರು ಗಂಡನಿಗೆ. “ಆ ದಾರೀಲಿ ಕುತ್ತು ಬರುತ್ತೆ ಅಂತೀರಿ. ಅಷ್ಟು ಜನ ದಿನಾ ನಿಂತು ಕೈ ಮುಗೀತಿದ್ರಲ್ಲ, ಅದು ಯಾವ ದಾರೀಲಿ ಬರ್ತಿತ್ತು?”

ಅಧ್ಯಕ್ಷರು ಹೆಂಡತಿಗೆ ಕುರ್ಚಿ ಎಳೆದುಕೊಟ್ಟರು. ನಕ್ಷೆಯನ್ನೂ ಪತ್ರಿಕೆಯನ್ನೂ ತಮ್ಮ ಬಳಿಯೇ ಇಟ್ಟುಕೊಂಡು, ನೋಡೋಣ ಎಂದರು. ನೋಡೋಣ ಎಂದರೆ ಏನರ್ಥ ಎಂದು ಯೋಚಿಸುತ್ತಾ ಮನೆಗೆ ಬಂದೆ. ಮುಂದಿನ ಎರಡು ದಿನ ಬಾಸ್ ಕೇಳಿದಾಗಲೆಲ್ಲ ಫ್ಲೆಕ್ಸ್ ಸಿದ್ಧವಾಗುತ್ತಿದೆ ಎಂದು ಹೇಳಿದೆ. ಫ್ಲೆಕ್ಸಿನಲ್ಲಿ ಕೊನೆಯ ಕ್ರಾಸು ಇನ್ನೂ ಖಾಲಿಯೇ ಇತ್ತು.

ರಾಜ್ಯೋತ್ಸವದ ಹಿಂದಿನ ದಿನ ಬೆಳಿಗ್ಗೆ ಅವರು ಆಫೀಸಿನ ಮೆಟ್ಟಿಲು ಹತ್ತಿ ಬಂದರು. ನಕ್ಷೆಯ ಮೇಲೆ ಸಹಿ ಇತ್ತು. ಸಂದಿಯ ಪಕ್ಕದಲ್ಲಿ, ನಾನು ಬರೆಯದೆ ಬಿಟ್ಟಿದ್ದ ಹೆಸರನ್ನು ಅವರೇ ನೀಲಿ ಪೆನ್ನಿನಲ್ಲಿ ತುಂಬಿದ್ದರು: ಗಣೇಶನ ಸಂದಿ.

“ಪತ್ರಿಕೇನೂ ಒಂದು ಫಲಕಕ್ಕೆ ಹಾಕಿ,” ಎಂದರು. “ಹಿಂದುಗಡೆಯದನ್ನ.”

ಪ್ರದರ್ಶನಕ್ಕೆ ಬಂದ ಜನ ತಮ್ಮ ತಮ್ಮ ಗೃಹಪ್ರವೇಶದ ಪತ್ರಿಕೆಗಳನ್ನು ನೆನಪಿಸಿಕೊಂಡು ಬಹಳ ಹೊತ್ತು ನಿಂತರು. ಎಂಜಿನಿಯರ್ ನಕ್ಷೆಯನ್ನು ತೆಗೆದುಕೊಂಡು, ಶೆಡ್ಡಿನ ಮಾಲೀಕರಿಗೆ ನಿಮ್ಮ ಕ್ರಯಪತ್ರದ ಚಕ್ಕುಬಂದಿ ತನ್ನಿ, ನಾಲ್ಕು ದಿಕ್ಕಿಗೆ ಏನೇನಿದೆ ನೋಡೋಣ ಎಂದರು. ಅದು ಬ್ಯಾಂಕಿನಲ್ಲಿದೆ ಎಂದರಂತೆ. ಆಮೇಲೆಯೂ ಅದು ಬ್ಯಾಂಕಿನಲ್ಲೇ ಇತ್ತು. ಕೊನೆಗೆ ಒಂದು ಬೆಳಿಗ್ಗೆ ಎರಡೂ ಕಡೆಯ ಇಟ್ಟಿಗೆಗಳನ್ನು ಅವರ ಆಳುಗಳೇ ಬಿಚ್ಚಿ ಸಂದಿಯ ಪಕ್ಕಕ್ಕೆ ಜೋಡಿಸಿದರು.

ಮರುದಿನ ಅಭ್ಯಾಸಬಲದಿಂದ ನಾನು ಅಕ್ಕನ ಎಡಗಡೆ ಹೊರಟೆ.

“ಇವತ್ತೂ ಅಳತಿ ಐತೇನು?” ಎಂದಳು.

ಕೊನೆಯ ಕ್ರಾಸಿನಲ್ಲಿ ಅಧ್ಯಕ್ಷರು ಗೇಟಿನ ಪಕ್ಕ ಗಿಡಕ್ಕೆ ನೀರು ಹಾಕುತ್ತಿದ್ದರು. ಅಮ್ಮ ಒಳಗೆ ಕಿಟಕಿಯ ಬಳಿ ಕೂತಿದ್ದರು. ನಮ್ಮನ್ನು ನೋಡಿ ಅಧ್ಯಕ್ಷರು ಕೊಳವೆಯನ್ನು ಪಕ್ಕಕ್ಕೆ ಹಿಡಿದು, ಸ್ವಲ್ಪ ಸಂಕೋಚದಿಂದ ಹೇಳಿದರು: “ಅಮ್ಮಾ, ಒಂದು ಮಾತು. ಹೋಗುವಾಗ ಸ್ವಲ್ಪ ನಿಂತು ಕೈ ಮುಗಿದು ಹೋಗಿ. ನಮ್ಮನೆಯವಳಿಗೋಸ್ಕರ.”

ಅವರು ನಿಂತದ್ದು ಅಕ್ಕನ ಎಡಗಡೆ. ಅವಳಿಗೆ ಒಂದಕ್ಷರವೂ ಕೇಳಿಸಲಿಲ್ಲ. ಅವಳು ಆಗಲೇ ಚಪ್ಪಲಿ ಬಿಟ್ಟು, ಮುಡಿಯಿಂದ ಒಂದು ಎಸಳು ಕಿತ್ತು, ಗಣೇಶನ ಮುಂದೆ ಕಣ್ಣು ಮುಚ್ಚಿ ನಿಂತಿದ್ದಳು.